ಬಿಳಿ ಬಟ್ಟೆಯ ಗೂಟಗಳು

ಸೊಸೆ ಇವೆಟ್ ಹಿತ್ತಲಿನಲ್ಲಿ ಗೂಟ ನೆಡುತ್ತಿರುವುದನ್ನು ಒಬ್ದುಲಿಯಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಬೆಳಿಗ್ಗೆ ಒಂದು ಸಾಲು ನೆಟ್ಟಿದ್ದಳು, ಮಧ್ಯಾಹ್ನ ಇನ್ನೊಂದು. ಈಗ ಇಳಿಹೊತ್ತಿನಲ್ಲಿ ಮತ್ತೆ ಬಂದಿದ್ದಾಳೆ. ದೂರದ ಗೂಟಗಳಿಗೆ ಕೆಂಪು ಬಟ್ಟೆ. ಮೆಸ್ಕೀಟ್ ಮರದ ಸುತ್ತ ಬಳೆಯಂತೆ ನೆಟ್ಟವಕ್ಕೆ ಬಿಳಿ ಬಟ್ಟೆ.

ಆ ಮರವನ್ನು ನೆಟ್ಟವನು ಒಬ್ದುಲಿಯಾಳ ಗಂಡ ಲಾಸಾರೊ. ಟೂಸಾನ್ ಊರಿನ ಬಿಸಿಲನ್ನು ಅವನು ಬಯ್ಯುತ್ತಿದ್ದುದೂ ಆ ನೆರಳಿನಲ್ಲಿ ಕೂತೇ. ಈ ಚಳಿಗಾಲ ಅವನನ್ನು ಮಣ್ಣು ಮಾಡಿ ಬಂದ ಮೇಲೆ ಅವಳು ಜಪಸರ ಹಿಡಿದು ಕೂರುವುದೂ ಅಲ್ಲೇ. ದೇವರು ಮನುಷ್ಯನನ್ನು ಕರೆದುಕೊಂಡು ಮರವನ್ನು ಉಳಿಸಿದ್ದಾನೆ. ಅದನ್ನೂ ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಊಟಕ್ಕೆ ಕೂತಾಗ ಮಗ ಫಾಬಿಯಾನ್‌ನನ್ನು ಕೇಳಿದಳು: "ಹಿತ್ತಲಲ್ಲಿ ಏನೋ ಅದು?"

"ಏನಿಲ್ಲಮ್ಮಾ, ಸುಮ್ನೆ ಅಳತೆ."

"ಸುಮ್ನೆ ಯಾರಾದ್ರೂ ಅಳೀತಾರೇನೋ?"

"ಕಾಳಿನ ಪಲ್ಯ ತಣ್ಣಗಾಗುತ್ತೆ, ತಿನ್ನು." ಹಾಗೆನ್ನುತ್ತ ಅವನು ಹೆಂಡತಿಯ ಮುಖ ನೋಡಿದ. ಅವಳು ತಟ್ಟೆ ನೋಡಿದಳು. ಒಬ್ದುಲಿಯಾಗೆ ಅಷ್ಟು ಸಾಕಾಯಿತು.

ಬೇಲಿಯಾಚೆಯ ಗೆಳತಿ ಒರ್ತೆನ್ಸಿಯಾ ಕೇಳಿದ ಕೂಡಲೇ ತೀರ್ಪು ಕೊಟ್ಟಳು. "ಈಜುಕೊಳ ಕಣೇ! ನನ್ನ ಮಗಳ ಮನೇಲೂ ಗೂಟದಿಂದಾನೇ ಶುರುವಾಗಿದ್ದು. ನಿಂಬೆಗಿಡ ಎಲ್ಲಿತ್ತು ಅಂತ ಈಗ ಮುಳುಗಿ ಹುಡುಕಬೇಕು."

"ನಮ್ಮ ಮರ ಕಡೀತಾರೆ ಅಂತೀಯಾ?"

"ಸುತ್ತ ಬಿಳಿ ಬಟ್ಟೆ ಕಟ್ಟಿದಾರೆ ಅಂತೀಯ. ಮತ್ತಿನ್ನೇನು, ಮರಕ್ಕೆ ಮದುವೆ ಮಾಡ್ತಾರಾ?"

ಮರುದಿನ ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ಒಬ್ದುಲಿಯಾ ಬಿಳಿ ಗೂಟಗಳನ್ನೆಲ್ಲ ಕಿತ್ತು ಬಟ್ಟೆ ಒಗೆಯುವ ಯಂತ್ರದ ಹಿಂದೆ ತುರುಕಿದಳು. ಕೆಂಪು ಗೂಟಗಳನ್ನು ಮುಟ್ಟಲಿಲ್ಲ. ಅಷ್ಟು ದೂರದಲ್ಲಿ ಬೇಕಾದರೆ ಸಮುದ್ರವನ್ನೇ ತೋಡಿಕೊಳ್ಳಲಿ.

ಸ್ವಲ್ಪ ಹೊತ್ತಿಗೆ ಫಾಬಿಯಾನ್‌ನ ಗೆಳೆಯ ಚೂಯ್ ಹಾರೆ ಹೊತ್ತು ಬಂದ. ಮರದ ಸುತ್ತ ನೋಡಿ ತಲೆ ಕೆರೆದುಕೊಂಡ, ಫೋನು ಮಾಡಿದ, ಯಾರೂ ಎತ್ತಲಿಲ್ಲ. ಕೆಂಪು ಗೂಟಗಳ ಬಳಿ ಎರಡು ಗುಂಡಿ ತೋಡಿದ. ಆಮೇಲೆ ಮರದ ಹತ್ತಿರ ಬಂದು ಹಾರೆ ಎತ್ತಿದ. ಅಲ್ಲಿಯ ನೆಲ ಸುಣ್ಣದ ಕಲ್ಲಿನಂತೆ ಗಟ್ಟಿ, ಏಟಿಗೆ ಠಣ್ಣೆನ್ನುತ್ತಿತ್ತು. ಒಮ್ಮೆ ಮಾತ್ರ ಸದ್ದು ಮೆತ್ತಗಾಯಿತು.

ಒಬ್ದುಲಿಯಾ ಓಡಿದಳು. ಗುಂಡಿಯಲ್ಲಿ ತೋಳಿನಷ್ಟು ದಪ್ಪದ ಬೇರು ಕೆಂಪಗೆ ಸೀಳಿಹೋಗಿತ್ತು.

"ಯಾರೋ ನಿನಗೆ ಇಲ್ಲಿ ಅಗೆಯೋಕೆ ಹೇಳಿದ್ದು?"

"ಅಯ್ಯೋ ಅಜ್ಜೀ, ಫಾಬಿಯಾನ್ ಬಿಳಿ ಗೂಟದ ಒಳಗೆ ಕಾಲಿಡಬೇಡ, ಅಲ್ಲಿ ಬೇರಿದೆ ಅಂದಿದ್ದ. ಅದರ ಹೊರಗೇ ಚಪ್ಪರದ ಕಂಬ ಬರಬೇಕು ಅಂದ. ಬಿಳಿ ಗೂಟಾನೇ ಇಲ್ಲ. ಮನಸ್ಸು ಬದಲಾಯಿಸಿದಾನೆ ಅಂದ್ಕೊಂಡೆ."

ಅವಳು ಗುಂಡಿಯ ಅಂಚಿನಲ್ಲೇ ಕೂತು ಬೇರಿನ ಮೇಲಿನ ಮಣ್ಣು ಒರೆಸಿದಳು.

ಸಂಜೆ ಗುಂಡಿ ನೋಡಿದ ಫಾಬಿಯಾನ್ ಗೆಳೆಯನ ಮೇಲೆ ಹರಿಹಾಯ್ದ. "ಕಣ್ಣು ಎಲ್ಲಿಟ್ಟಿದ್ಯೋ?"

"ಅವನಿಗೆ ಬೈಬೇಡ," ಎಂದಳು ಒಬ್ದುಲಿಯಾ. "ಬಿಳಿ ಗೂಟ ಕಿತ್ತಿದ್ದು ನಾನು. ನೀವು ಮರ ಕಡೀತೀರ ಅಂದ್ಕೊಂಡೆ."

ಇವೆಟ್ ಹೇಳಿದಳು: "ಹೊತ್ತುಹೊತ್ತಿಗೂ ನೆರಳು ಎಲ್ಲಿಗೆ ನಿಲ್ಲುತ್ತೆ ಅಂತ ಕೆಂಪು ಗೂಟ ನೆಟ್ಟಿದ್ದು ಅತ್ತೆ. ಮರದ ನೆರಳು ಸಾಲದ ಕಡೆ ಚಪ್ಪರ ಹಾಕಿ, ಒಂದು ಒಲೆ, ಬೆಂಚು ಇಟ್ರೆ ಎಲ್ಲರೂ ಕೂರಬಹುದು ಅಂತ."

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಮಾವ ಹೋದ ಮೇಲೆ ಹಿತ್ತಲ ಮಾತು ಬಂದಾಗೆಲ್ಲ ನೀವು ಎದ್ದು ಹೋಗ್ತಿದ್ರಿ."

ಅದು ನಿಜವಾಗಿತ್ತು. ಒಬ್ದುಲಿಯಾ ಬೇರಿನ ಮೇಲೆ ಒದ್ದೆ ಗೋಣಿ ಹೊದಿಸಿದಳು. "ಬದುಕುತ್ತೇನೋ?"

"ಒಂದೇ ಬೇರು ತಾನೆ," ಎಂದ ಫಾಬಿಯಾನ್. "ಬೇಸಿಗೆ ಕಳೀಲಿ, ಗೊತ್ತಾಗುತ್ತೆ."

ಅವನು ಹೇಳುವಾಗ ಎಲ್ಲಿ ನೋಡುತ್ತಾನೆಂದು ಅವಳು ಗಮನಿಸಿದಳು. ಈ ಸಲ ಅವನು ಮರವನ್ನೇ ನೋಡುತ್ತಿದ್ದ.

"ಈ ಗುಂಡಿ ಮುಚ್ಚು," ಎಂದಳು. "ಜೂನ್ ಬಿಸಿಲು ಆ ಕೊಂಬೆಯ ಕೆಳಗಿಂದ ನುಗ್ಗುತ್ತೆ. ನಿಮ್ಮಪ್ಪ ಅದಕ್ಕೇ ದಿನಾ ಸಂಜೆ ಕುರ್ಚಿ ತಿರುಗಿಸ್ತಿದ್ರು. ಕಂಬ ಪಡುವಣಕ್ಕೆ ಇಡಿ."

ಶನಿವಾರ ಚೂಯ್ ಮತ್ತೆ ಹಾರೆ ತಂದ. ಒಬ್ದುಲಿಯಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಇವೆಟ್ ನಿಂಬೆ ಪಾನಕ ತಂದು ನೆಲದಲ್ಲೇ ಕೂತಳು.

"ಅಜ್ಜೀ, ಇನ್ನೂ ನಂಬಿಕೆ ಇಲ್ವಾ?" ಎಂದ ಚೂಯ್.

"ಸುಮ್ನೆ ಅಗಿಯೋ," ಎಂದು ಅವಳು ಪ್ರತಿ ಏಟಿಗೂ ಬಗ್ಗಿ ಗುಂಡಿಯೊಳಗೆ ನೋಡಿದಳು.