ಫೋನಿನಲ್ಲಿ ಕೇಳಿದ ಕಡಲು

ಸೊಸೆಯ ಕಣ್ಣಿಗೆ ಮಣ್ಣೆರಚುವುದು ಸುಲಭದ ಮಾತಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಅವಳದು ತಪಾಸಣೆಯ ಕೆಲಸ. ಹನ್ನೊಂದು ವರ್ಷದಿಂದ ಕಂಡವರ ಹೊಲಿಗೆಯಲ್ಲಿ ತಪ್ಪು ಹುಡುಕಿಯೇ ಸಂಬಳ ಎಣಿಸಿದವಳು. ಭಾನುವಾರ ಮಧ್ಯಾಹ್ನ ಮೊಬೈಲ್ ಹಿಡಿದು ಕೂತು ಕಡಲ ದಂಡೆಯ ವಸತಿಗೃಹಗಳನ್ನು ಜಾಲಾಡುತ್ತಿದ್ದಳು. ಎಲ್ಲ ಕಡೆಯೂ ಅದೇ ರಾಗ: ಪ್ರಶಾಂತ, ಅಗ್ಗ, ಮಕ್ಕಳುಮರಿಗೆ ಹೇಳಿ ಮಾಡಿಸಿದ ಜಾಗ. ಎರಡು ಬೇರೆ ಬೇರೆ ಊರಿನ ಕೋಣೆಗಳ ಚಿತ್ರದಲ್ಲಿ ಒಂದೇ ಪರದೆ, ಪರದೆಯ ಅಂಚಿನಲ್ಲಿ ಒಂದೇ ಕಡೆ ಬಿಟ್ಟುಹೋದ ಹೊಲಿಗೆ. ಎರಡನ್ನೂ ಅಲ್ಲಿಗೇ ಕೈಬಿಟ್ಟಳು.

ಅವಳಿಗೆ ಗದ್ದಲವಿಲ್ಲದ ಜಾಗ ಬೇಕಿದ್ದದ್ದು ಅತ್ತೆಗಾಗಿ. ಸಕ್ಕರೆ ಕಾಯಿಲೆಯಿಂದ ಅತ್ತೆಯ ದೃಷ್ಟಿ ಹೋಗಿ ಎರಡು ವರ್ಷವಾಗಿತ್ತು. ಆಮೇಲೆ ಅವರು ಮನೆ ಬಿಟ್ಟು ಹೊರಟದ್ದು ಆಸ್ಪತ್ರೆಗೆ ಮಾತ್ರ. ರಜೆಯ ಮಾತೆತ್ತಿದಾಗ, ಕಣ್ಣಿಲ್ಲದವಳಿಗೆ ಕಡಲು ಯಾಕೆ, ನನ್ನನ್ನು ಮಗಳ ಮನೆಯಲ್ಲಿ ಬಿಟ್ಟು ನೀವಿಬ್ಬರೂ ಮಕ್ಕಳಿಬ್ಬರ ಜೊತೆ ಹೋಗಿ ಬನ್ನಿ ಎಂದಿದ್ದರು. ಗಂಡ ಮರುಮಾತಿಲ್ಲದೆ ತಲೆಯಾಡಿಸಿದ್ದ. ಅವನು ಅಷ್ಟು ಬೇಗ ಒಪ್ಪಿದ್ದು ನೋಡಿ ಸೊಸೆಗೆ ಮೈಯೆಲ್ಲ ಉರಿದಿತ್ತು. ಒಂದು ಸಲ ಬಿಟ್ಟು ಹೋದರೆ ಅದೇ ರೂಢಿಯಾಗುತ್ತದೆಂದು ಅವಳ ಭಯ.

ಚಿತ್ರ ನಂಬುವ ಹಾಗಿಲ್ಲವೆಂದು ಫೋನ್ ಮಾಡತೊಡಗಿದಳು. ಸ್ಪೀಕರ್ ಹಾಕಿ, ಬಾಡಿಗೆ ಕೇಳುವ ಮೊದಲೇ, ಹೊರಗೆ ಬಂದು ಒಂದು ನಿಮಿಷ ಮಾತಾಡದೆ ಫೋನ್ ಹಿಡಿದು ನಿಲ್ಲಿ ಎನ್ನುತ್ತಿದ್ದಳು. ಮೊದಲನೆಯವನು ಇವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡನೋ ಏನೋ, ಫೋನ್ ಕುಕ್ಕಿದ. ಎರಡನೆಯ ಕಡೆ ಏನೋ ಗುಡುಗುಡು. ಗೋಡೆಗೊರಗಿ ಬಟಾಣಿ ಸುಲಿಯುತ್ತಿದ್ದ ಅತ್ತೆ, ಯಾರೂ ಕೇಳುವ ಮೊದಲೇ, ಅದು ಜನರೇಟರ್ ಎಂದು ತೀರ್ಪು ಕೊಟ್ಟರು.

ಮೂರನೆಯ ಕಡೆ ಎತ್ತಿದ್ದು ಒಬ್ಬ ಹೆಂಗಸು. ನೀರಿನ ತನಕ ಹೋಗುತ್ತೇನೆ, ತುಸು ತಾಳಿ ಎಂದಳು. ಚಪ್ಪಲಿಯ ಸಪ್ಪಳ ಕೇಳಿಸಿತು, ಗೇಟು ಕಿರುಗುಟ್ಟಿತು, ಮರಳು ಬಂದಲ್ಲಿ ಸಪ್ಪಳ ನಿಂತಿತು. ಆಮೇಲೆ ಬರೀ ಅಲೆ.

ಅತ್ತೆಯ ಕೈ ನಿಂತಿತು.

"ನೀರು ಹಿಂದಕ್ಕೆ ಹೋಗುವಾಗ ಸಣ್ಣ ಕಲ್ಲು ಉರುಳ್ತಾವೆ, ಕೇಳಿಸ್ತಾ?" ಎಂದರು.

ಸೊಸೆ ಕಿವಿಗೊಟ್ಟಳು. ಎರಡು ಅಲೆ ಕಳೆದರೂ ಅವಳಿಗೆ ಕೇಳಿಸಲಿಲ್ಲ, ಮೂರನೆಯದಕ್ಕೆ ಕೇಳಿಸಿತು. ತಪ್ಪು ಹುಡುಕುವುದರಲ್ಲಿ ಪಳಗಿದ ತನಗೆ ಇದು ಹೇಗೆ ತಪ್ಪಿಹೋಯಿತೆಂದು ನಾಚಿಕೆಯಾಯಿತು, ಸಂತೋಷವೂ ಆಯಿತು.

ಬಾಡಿಗೆ ಕೈಗೆಟುಕುವಂತೆಯೇ ಇತ್ತು. ಎಷ್ಟು ಜನ ಬರುತ್ತೀರಿ ಎಂದು ಆ ಹೆಂಗಸು ಕೇಳಿದಳು. ಸೊಸೆ ಉತ್ತರಕ್ಕಾಗಿ ಅತ್ತೆಯ ಮುಖ ನೋಡಿದಳು; ಆ ನೋಟ ಅವರಿಗೆ ತಲುಪುವುದಿಲ್ಲವೆಂದು ಹೊಳೆದಾಗ ಬಾಯಿಬಿಟ್ಟು ಕೇಳಿದಳು.

"ಎಷ್ಟು ಜನ ಅಂತ ಕೇಳ್ತಿದ್ದಾರೆ, ಅತ್ತೆ."

ಅತ್ತೆ ಫೋನಿನ ಕಡೆ ಬಾಗಿ ಇನ್ನೊಂದು ಅಲೆ ಕೇಳಿಸಿಕೊಂಡರು.

"ಐದು ಅನ್ನು," ಎಂದರು. "ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಮಾತ್ರ ನನಗೇ ಬೇಕು. ಮಕ್ಕಳಿಗೆ ಈಗಲೇ ಹೇಳಿಡು."