ಎರಡು ಹೊಸ್ತಿಲ ಮನೆಗೆ ಬಂದ ಜುಮಾದಿಲ್

ಹೊಸ್ತಿಲ ಆಚೆ ನಿಂತು ಜುಮಾದಿಲ್ ಬಾಯ್ಕೆ, ಅಂದರೆ ನಮ್ಮ ಜುಮಾದಿಲಣ್ಣ, ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಹೊಸ್ತಿಲ ಆಚೀಚೆ ನಿಂತು ಕೈ ಕುಲುಕುವುದು ಅಪಶಕುನವೆಂದು ನಮ್ಮ ಕರಕೋಲ್ ಊರಿನಲ್ಲಿ ಯಾರೂ ಕುಲುಕುವುದಿಲ್ಲ, ನಿಜ. ಆದರೆ ಇಂಟರ್ನೆಟ್ ತಂತಿ ಎಳೆಯಲು ಏಣಿ ಹೊತ್ತು ಬಂದವರು, ನಾವು ಅವಸರದಲ್ಲಿ ಚಾಚಿದ ಕೈಯನ್ನು ಕಂಡೂ ಕಾಣದಂತೆ ಒಳದಾಟಿ, ಏಣಿ ಇಳಿಸಿ, ಕುರಿಚರ್ಮದ ಕೋಟು ಕೊಡವಿ, ಆಮೇಲೆ ಎರಡೂ ಕೈಗಳಿಂದ ನಮ್ಮ ಕೈ ಹಿಡಿದು ಯೋಗಕ್ಷೇಮ ವಿಚಾರಿಸುವ ಗಾಂಭೀರ್ಯ ಅವರೊಬ್ಬರದೇ. ಕುದುರೆ ಇಳಿದು ಎಷ್ಟೋ ವರ್ಷವಾದರೂ ಕಾಲು ಬಿಲ್ಲಾಗಿಯೇ ಇತ್ತು. ಮಾತಿನ ಬಾಲಕ್ಕೆಲ್ಲ ‘ಅಂತಿಟ್ಕೊಳ್ಳಿ’ ಎಂಬ ಗಂಟು.

ಅವರನ್ನು ಕರೆಸಿದ್ದು ನನ್ನ ತಂಗಿ ಕನಿಶಾಯ್‌ಗಾಗಿ. ಅವಳಿಗೂ ನಾರಿನ್ ಊರಿನ ಅವಳ ವರ ಎರ್ಮೆಕ್‌ಗೂ ಕಿವಿ ಕೇಳದು, ಕೈಸನ್ನೆಯೇ ಭಾಷೆ. ವಿಡಿಯೋ ಕರೆಯಲ್ಲಿ ಆ ಕೈಗಳು ಅರ್ಧ ಮಾತಿಗೇ ಕಲ್ಲಾಗಿ ನಿಲ್ಲುತ್ತಿದ್ದವು. ಹಾಗಾಗಿ ಇಲ್ಲಿ ನಾನು, ಅಲ್ಲಿ ಅವನ ತಾಯಿ, ಫೋನಿನಲ್ಲಿ ದುಭಾಷಿಗಳಾದೆವು. ‘ಮದುವೆ ಬೇಸಗೆಗೆ ಬೇಡ, ಶರತ್ಕಾಲಕ್ಕೆ ಆಗಲಿ’ ಎಂದಳು ತಂಗಿ. ಬೀಗಿತ್ತಿಗೆ ಬೇಸರವಾದೀತೆಂದು ನಾನು ‘ಅವಸರವೇನಿಲ್ಲ ಬಿಡಿ’ ಎಂದೆ. ಆಕೆ ಅದನ್ನು ‘ಹುಡುಗಿಗೆ ಮನಸ್ಸಿಲ್ಲ’ ಎಂದು ಮಗನಿಗೆ ದಾಟಿಸಿದರು. ಮಾತುಕತೆ ನಿಂತಿತು. ನಿಶ್ಚಿತಾರ್ಥದಲ್ಲಿ ಅತ್ತೆ ತೊಡಿಸಿದ್ದ ಓಲೆಗಳನ್ನು ಕನಿಶಾಯ್ ಬಿಚ್ಚಿಟ್ಟಳು.

ಜುಮಾದಿಲ್ ಬಾಯ್ಕೆ ಚಹಾ ಮುಟ್ಟದೆ ಕಪಾಟಿನ ಮೇಲೆ ನೋಡಿದರು. ಅಲ್ಲಿ ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯೊಂದು, ನಾನು ಶೋಕಿಗೆ ತಂದ ರೂಟರೊಂದು.

“ಅಯ್ಯೋ ಮೇಷ್ಟ್ರೇ, ಒಂದೇ ಮನೆಗೆ ಎರಡು ಹೊಸ್ತಿಲು ಹಾಕಿದೀರಲ್ಲ! ಇವನೂ ವಿಳಾಸ ಬದಲಾಯಿಸ್ತಾನೆ, ಅವನೂ ಬದಲಾಯಿಸ್ತಾನೆ. ಬಂದ ಕರೆ ಬಾಗಿಲು ಹುಡುಕಿ ಹುಡುಕಿ ಸುಸ್ತಾಯ್ತು ಅಂತಿಟ್ಕೊಳ್ಳಿ.”

“ಒಂದನ್ನ ಕಿತ್ತು ಬಿಸಾಕೋಣ್ವಾ?”

“ಬಿಸಾಕೋದ್ಯಾಕೆ? ಕಂಪನಿಯವನು ಬರೀ ಸೇತುವೆ ಆಗಿರ್ಲಿ, ಬಂದದ್ದನ್ನ ಬಂದ ಹಾಗೇ ದಾಟಿಸ್ಲಿ. ಬಾಗಿಲು ಕಾಯೋಕೆ ನಿಮ್ಮವನೊಬ್ಬ ಸಾಕು.”

ಇದನ್ನೆಲ್ಲ ನಾನು ತಂಗಿಗೆ ಸನ್ನೆಯಲ್ಲಿ ತಿಳಿಸುವಷ್ಟರಲ್ಲಿ ಅವರು ಕಂಪನಿಯ ಪೆಟ್ಟಿಗೆಯಲ್ಲಿ ನ್ಯಾಟ್ ಎಂಬ ಆ ವಿಳಾಸ ಬದಲಿಕೆಯನ್ನು ನಿಲ್ಲಿಸಿ, ಬ್ರಿಜ್ ಮೋಡ್‌ಗೆ ಹಾಕಿ, ಸಂಪರ್ಕದ ಪಾಸ್‌ವರ್ಡನ್ನು ನನ್ನ ರೂಟರಿಗೆ ಒಪ್ಪಿಸಿದ್ದರು.

ತಂಗಿಯೇ ಕರೆ ಮಾಡಿದಳು. ಪರದೆಯಲ್ಲಿ ಎರ್ಮೆಕ್ ಬಂದ. ಕೈಗಳು ಕಲ್ಲಾಗಲಿಲ್ಲ. ತಂಗಿ ಬೈದಳು, ಅತ್ತಳು, ‘ಶರತ್ಕಾಲಕ್ಕೆ’ ಎಂದಳು. ‘ಇಷ್ಟೇನಾ? ಆಗಲೇ ಹೇಳಬಾರದಿತ್ತಾ?’ ಎಂದ ಅವನು. ಅಭ್ಯಾಸಬಲದಿಂದ ನಾನು ನಡುವೆ ಕೈಯಾಡಿಸಹೋದೆ. ಕನಿಶಾಯ್ ಆ ಪೆಟ್ಟಿಗೆಯನ್ನೂ ನನ್ನನ್ನೂ ತೋರಿಸಿ, ಗಾಳಿಯಲ್ಲೊಂದು ಸೇತುವೆ ಕಟ್ಟಿದಳು: ನೀನೂ ಹಾಗಿರು. ಸನ್ನೆ ಬಾರದ ಜುಮಾದಿಲ್ ಬಾಯ್ಕೆಗೂ ಅದು ತಿಳಿಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸಂಭ್ರಮದಲ್ಲಿ ತಂಗಿಗೆ ಓಲೆಗಳನ್ನು ಹುಡುಕಿ ಕೊಟ್ಟು ತಿರುಗುವಷ್ಟರಲ್ಲಿ ಅವರು ಏಣಿ ಹೊತ್ತು ಹೊಸ್ತಿಲು ದಾಟಿಯಾಗಿತ್ತು.

ನಡುವೆ ನಿಂತು ಪರರ ಮಾತನ್ನು ತಿದ್ದಿ ಅಲಂಕರಿಸುವ ನನ್ನಂಥ ಉಪಕಾರಿಗಳಿಗೆ ಲೋಕದಲ್ಲಿ ಬರವಿಲ್ಲ. ಬಂದದ್ದನ್ನು ಬಂದಂತೆ ದಾಟಲು ಬಿಟ್ಟು ತಾವು ಸದ್ದಿಲ್ಲದೆ ಹೊರಡುವವರ ಕುಲವೇ ಬೇರೆ. ಅವರ ಋಣ ನಮ್ಮ ಅರಿವಿಗೆ ಬರುವುದು ಯಾವಾಗಲೂ ತಡವಾಗಿ. ಅಷ್ಟರಲ್ಲಿ ಅವರು ಹೊಸ್ತಿಲ ಆಚೆ ಇರುತ್ತಾರೆ, ಇಲ್ಲಿಂದ ಕೈ ಕುಲುಕುವ ಹಾಗಿಲ್ಲ.