ಎರಡು ಗುರುತುಗಳ ಕೋಣೆ

ವ್ಯಾನು ಅಂಗಳಕ್ಕೆ ಬಂದಾಗ ಮಾವ ಕಣದಲ್ಲಿ ಮೆಣಸಿನಲ್ಲಿ ಕೈಯಾಡಿಸುತ್ತಿದ್ದರು.

"ಸ್ಪೀಕರಿನೋರು ಬಂದ್ರು ಕಣವ್ವ. ಇವತ್ತು ಒಂದು ತೀರ್ಮಾನ ಮಾಡ್ಬುಡು. ಬ್ಯಾಡ ಅಂದ್ರೆ ಬ್ಯಾಡ. ಮೆಣಸು ಒಣಗ್ತಾ ಐತೆ, ಸ್ಟೋರ್ ಬೇಕು."

ಹಳೇ ಕಾಫಿ ಸ್ಟೋರ್ ನನ್ನ ಗಂಡ ಅಭಿಲಾಷನ ಹಾಡು ಕೇಳುವ ಕೋಣೆಯಾಗಿತ್ತು. ಗೋಣಿಚೀಲಗಳಿಗೆ ಕಾಫಿ ಹೊಟ್ಟು ತುಂಬಿಸಿ ಗೋಡೆಯುದ್ದಕ್ಕೂ ಜೋಡಿಸಿದ್ದ. ಮೂಲೆ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿ ಕಿವಿಗೊಡುತ್ತಿದ್ದ.

"ಮಂಗ ಓಡಿಸ್ತಿದೀಯಾ?" ಎಂದು ಕೇಳಿದ್ದೆ.

"ಇನ್ನೂ ಮಾರ್ದನಿ ಬರ್ತಿದೆ ಕಣೆ. ಇನ್ನೊಂದು ನಾಲ್ಕು ಚೀಲ ಬೇಕು."

ಕೊನೆಗೆ ನೆಲದ ಮೇಲೆ ಕೆಂಪು ಬಣ್ಣದಲ್ಲಿ ಎರಡು ಚೌಕ ಬರೆದ. ಕುರ್ಚಿಗಳ ಜಾಗ. ಬಲಗಡೆಯದು ನಿನ್ನದು ಎಂದ. ಎರಡು ಜೊತೆ ಸ್ಪೀಕರ್ ಮನೆಗೇ ತರಿಸಿ, ಕೇಳಿ ನೋಡಿ, ಒಂದನ್ನು ಆರಿಸುವುದೆಂದು ನಿಶ್ಚಯವಾಗಿತ್ತು. ಆಷಾಢದಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆಗೆ ಹೊರಟ ಜೀಪು ಸಕಲೇಶಪುರ ದಾಟಿತ್ತು, ಆಲೂರು ಮುಟ್ಟುವ ಮೊದಲೇ ಅವನ ಉಸಿರು ನಿಂತಿತು.

ನನಗೆ ಸಂಗೀತ ಅಷ್ಟಾಗಿ ಗೊತ್ತಿಲ್ಲ. ಅವನು ಯಾವುದನ್ನು ಆರಿಸುತ್ತಿದ್ದನೋ ಅದನ್ನೇ ಆರಿಸಬೇಕಿತ್ತು. ಯಾವುದೆಂದು ಅವನು ಹೇಳಿರಲಿಲ್ಲ.

ವ್ಯಾನಿನಲ್ಲಿ ಬಂದಿದ್ದ ಅಂಗಡಿಯ ಪ್ರಜ್ವಲನನ್ನು ಕೇಳಿದೆ.

"ಬೆಂಗಳೂರಲ್ಲಿ ಈ ಕಪ್ಪು ಜೊತೆ ಮುಂದೆ ಮೂರು ಗಂಟೆ ಕೂತಿದ್ರು ಮೇಡಂ. ಎದ್ದೇ ಇಲ್ಲ. ಆದ್ರೆ ಹೊರಡುವಾಗ, ತೇಗದ ಬಣ್ಣದ್ದನ್ನೂ ತನ್ನಿ ಅಂದ್ರು. ಯಾಕೆ ಅಂತ ಹೇಳ್ಲಿಲ್ಲ."

ಅವನು ಕಪ್ಪು ಜೊತೆಯನ್ನು ನಿಲ್ಲಿಸಿ, ಎರಡು ಚೌಕಗಳ ನಡುವೆ ಒಂದು ಕುರ್ಚಿ ಹಾಕಿದ. ಕೂತೆ. ಒಬ್ಬ ಹೆಂಗಸು ಹಾಡತೊಡಗಿದಳು. ಸಾಲು ಶುರುಮಾಡುವ ಮೊದಲು ಅವಳು ಉಸಿರೆಳೆದುಕೊಂಡದ್ದೂ ಕೇಳಿತು. ಕೈ ಚಾಚಿದರೆ ಸೆರಗು ಸಿಗುವಷ್ಟು ಹತ್ತಿರ ನಿಂತಿದ್ದಳು. ಇದೇ ಇರಲಿ ಎನ್ನಲು ಬಾಯಿ ತೆರೆದೆ. ಕಾಲ ಬಳಿ ಕೆಂಪು ಗೆರೆ ಕಂಡಿತು.

ಕುರ್ಚಿಯನ್ನು ನನ್ನ ಚೌಕಕ್ಕೆ ಎಳೆದುಕೊಂಡೆ. ಹಾಡುವವಳು ಬಲಗಡೆಯ ಪೆಟ್ಟಿಗೆಯೊಳಗೆ ಸರಿದುಹೋದಳು.

ಕಣದಲ್ಲಿ ಕೆಲಸಕ್ಕಿದ್ದ ಮುನಿಯಮ್ಮನನ್ನು ಕರೆದು, ಎಡಗಡೆಯ ಚೌಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿದೆ.

"ಸಣ್ಣ ಸಾವ್ಕಾರ್ರ ಜಾಗದಾಗೆ ನಾನಾ? ಬ್ಯಾಡ್ರಮ್ಮ, ಮೈಯೆಲ್ಲಾ ಮೆಣಸಿನ ಧೂಳೈತೆ."

"ಕೂತ್ಕೋ ಮುನಿಯಮ್ಮ. ಹಾಡೋಳು ಎಲ್ಲಿ ನಿಂತವಳೆ ಹೇಳು."

ಅವಳು ಕುರ್ಚಿಯ ತುದಿಯಲ್ಲಿ ಕೂತಳು. "ಇಲ್ಲೇ, ನನ್ ಕಡೆ ಪೆಟ್ಟಿಗೆಗೆ ಅಂಟ್ಕಂಡವ್ಳೆ. ನಿಮ್ ತಾವ ಬರಾಕೆ ನಾಚ್ಕೆ ಏನೋ."

ನನಗೆ ಹಾಡುವವಳು ನನ್ನ ಕಡೆಯೇ ಇದ್ದಳು.

ಪ್ರಜ್ವಲ್ ಸ್ಪೀಕರ್ ಬದಲಿಸಿದ. ತೇಗದ ಬಣ್ಣದವು. ಅದೇ ಹಾಡು. ದನಿ ಸ್ವಲ್ಪ ದೂರವಾಯಿತು. ಆ ಉಸಿರು ಕೇಳಲಿಲ್ಲ.

"ಈಗ?" ಎಂದು ಕೇಳಿದೆ.

"ಈಗ ನಡುಮಧ್ಯ ಬಂದ್ಬುಟ್ಲು ನೋಡಿ!" ಮುನಿಯಮ್ಮ ಕೈ ತೋರಿಸಿದಳು.

ನಾನೂ ಬೆರಳು ಚಾಚಿದೆ. ಇಬ್ಬರ ಬೆರಳೂ ಒಂದೇ ಕಡೆಗಿದ್ದವು.

ಪ್ರಜ್ವಲ್ ಹತ್ತಿರ ಬಂದ. "ಮೇಡಂ, ಇದು ಇಬ್ಬರಿಗೆ ಸರಿ. ಒಬ್ಬರೇ ಕೂರೋದಾದ್ರೆ ಕಪ್ಪು ಜೊತೆಗೆ ಸಾಟಿ ಇಲ್ಲ..." ಅಷ್ಟಕ್ಕೆ ನಿಲ್ಲಿಸಿ ವೈರು ಸುತ್ತತೊಡಗಿದ.

"ಇದೇ ಇರಲಿ," ಎಂದೆ.

ಮುನಿಯಮ್ಮ ಎದ್ದು, ಕೂತ ಜಾಗವನ್ನು ಸೆರಗಿನಿಂದ ಒರೆಸಿ ಹೋದಳು. ಮಾವ ಬಾಗಿಲಿಗೆ ಬಂದು ನಿಂತರು. ಆಷಾಢದಿಂದ ಈಚೆ ಅವರು ಈ ಹೊಸ್ತಿಲು ದಾಟಿರಲಿಲ್ಲ. ಈಗಲೂ ದಾಟಲಿಲ್ಲ.

"ಯಾವುದು?"

ತೋರಿಸಿದೆ.

"ಅವನೂ ಅದನ್ನೇ ಅಂತಿದ್ನಾ?"

"ಹೂಂ ಮಾವ."

ಸ್ವಲ್ಪ ಹೊತ್ತು ಎರಡು ಕುರ್ಚಿಗಳನ್ನು ನೋಡಿದರು. ಆಮೇಲೆ ಅಂಗಳಕ್ಕೆ ತಿರುಗಿ ಕೂಗಿದರು: "ಏ ದಯಾನಂದ, ಜೀಪ್ ಶೆಡ್ ಗುಡ್ಸೋ ಮಾರಾಯ. ಮೆಣಸು ಅಲ್ಲಿಗೇ ಹಾಕನ."

ಪ್ರಜ್ವಲ್ ಕಪ್ಪು ಜೊತೆಯನ್ನು ವ್ಯಾನಿಗೆ ಏರಿಸಿದ. ಹೊರಡುವ ಮುಂಚೆ ಕುರ್ಚಿಯನ್ನು ನಡುವೆ ಹಾಕಲೇ ಎಂದು ಕೇಳಿದ. ಬೇಡವೆಂದೆ.

ವ್ಯಾನಿನ ಸದ್ದು ದೋಣಿಗಲ್ ಕಡೆ ಇಳಿದುಹೋಯಿತು. ಬಾಗಿಲು ಹಾಕಿ ನನ್ನ ಚೌಕದಲ್ಲಿ ಕೂತೆ. ಹಾಡು ಹಾಕಲಿಲ್ಲ. ಒಮ್ಮೆ ಚಪ್ಪಾಳೆ ತಟ್ಟಿದೆ. ಹೊಟ್ಟಿನ ಚೀಲಗಳು ಸದ್ದನ್ನು ನುಂಗಿದವು. ಅವನು ಬಯಸಿದ್ದ ಹಾಗೆಯೇ ಏನೂ ಹಿಂದಿರುಗಿ ಬರಲಿಲ್ಲ.

ಇನ್ನೊಮ್ಮೆ ತಟ್ಟಿದೆ.